ಹಿಂದೆ ಹೇಳುವ ಕರಿಯವ್ವ

ದಾವಣಗೆರೆ ವಿನೋಬನಗರದ ಕರಿಯವ್ವನಿಗೆ ಅಕ್ಕನಾಗಮ್ಮನ ಮೇಲಿದ್ದ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಹದಡಿಯಿಂದ ಲಗ್ನವಾಗಿ ಬಂದ ಹೊಸದರಲ್ಲಿ, ಗಂಡ ಗುಡ್ಡಪ್ಪ ಮಂಡಿಪೇಟೆಯಲ್ಲಿ ಮೂಟೆ ಹೊರುತ್ತಿದ್ದಾಗ, ಅವಳು ಅಕ್ಕನಾಗಮ್ಮನ ಮನೆಗೆ ಕಾಳು ಹಸನು ಮಾಡಲು ಹೋಗುತ್ತಿದ್ದಳು. ಅಂಗಡಿ, ಹೊಲ ಎರಡೂ ಇದ್ದ ದೊಡ್ಡ ಮನೆ ಅದು. ಒಂದು ದಿನ ಒಳಗೆ ಅರಿಷಿಣದ ಶಾಸ್ತ್ರ ನಡೆದಿತ್ತು, ಅಕ್ಕನಾಗಮ್ಮ ಸೋಬಾನೆ ಹಾಡುತ್ತಿದ್ದಳು. ಸೋಬಾನೆ ಒಬ್ಬರ ಹಾಡಲ್ಲ. ಮುಂದಿನವಳು ನುಡಿ ಎತ್ತಿಕೊಡಬೇಕು, ಹಿಂದಿನವಳು ಅದನ್ನು ಹಿಡಿದು ತಿರುಗಿ ಹೇಳಬೇಕು, ಅಷ್ಟರಲ್ಲಿ ಮುಂದಿನವಳು ಉಸಿರು ಎಳೆದುಕೊಳ್ಳಬೇಕು. ಒಳಗಿನ ಹೆಂಗಸರು ತಡವರಿಸಿದರು. ಅಂಗಳದಲ್ಲಿ ಮೊರ ಹಿಡಿದು ಕೂತಿದ್ದ ಕರಿಯವ್ವ ಅಲ್ಲಿಂದಲೇ ನುಡಿ ಹಿಡಿದಳು.

"ಯಾರೇ ಅದು? ಮೊರ ಬಿಟ್ಟು ಒಳಗ ಬಾ," ಎಂದಳು ಅಕ್ಕನಾಗಮ್ಮ. ಒಳಗೆ ಬಂದ ಕರಿಯವ್ವ ಅವಳ ಎಡಮಗ್ಗುಲಿಗೆ ಕೂತಳು. ಅಲ್ಲಿಂದ ಊರಿನ ಮದುವೆ, ತೊಟ್ಟಿಲು, ಬಸುರಿಯರ ಕುಬುಸ, ಎಲ್ಲಕ್ಕೂ ಜೋಡಿ ಇಬ್ಬರದೇ.

ಜೋಡಿ ಅನ್ನುವುದು ಮಾತಿಗೆ ಮಾತ್ರ. ಹಾಡು ಮುಗಿದ ಮೇಲೆ ಅಕ್ಕನಾಗಮ್ಮನಿಗೆ ಸೀರೆ, ಕರಿಯವ್ವನಿಗೆ ರವಿಕೆಯ ಕಣ. ಅವಳಿಗೆ ಕುರ್ಚಿ, ಇವಳಿಗೆ ಚಾಪೆ. ಕರೆಯಲು ಬಂದವರೂ "ಅಕ್ಕನಾಗಮ್ಮಾರು ಬರ್ತಾರಲ್ಲ? ಆ ಹಿಂದೆ ಹೇಳಾಕೀನೂ ಕರ್ಕಂಡು ಬರ್ಲಿ" ಎನ್ನುತ್ತಿದ್ದರು. ಕರಿಯವ್ವ ಮನೆಗೆ ಬಂದು ಆ ಕಣವನ್ನು ಟ್ರಂಕಿಗೆ ಎಸೆದು, ಗುಡ್ಡಪ್ಪನ ಮೇಲೆ ಹಾಯುತ್ತಿದ್ದಳು. "ಆಕೀಗೆ ಗೊತ್ತಿರೋ ಹಾಡೆಲ್ಲ ನನಗೂ ಗೊತ್ತೈತೆ. ಆಕೀ ದನಿ ಒಡೆದು ಹೋಗೈತೆ, ನಂದು ಗಟ್ಟಿ ಐತೆ. ಆದ್ರೂ ಎಲ್ಲಾರ ಬಾಯಾಗೂ ಆಕೀನೇ."

ಹೋದ ವರ್ಷ ಪಾಲಿಕೆಯವರು ವಾರ್ಡಿನ ಸಮುದಾಯ ಭವನದಲ್ಲಿ ಸಭೆ ಕರೆದರು. ರಸ್ತೆ, ಚರಂಡಿಗೆ ಮಾಡಿದ ಹಾಗೆ ಹಾಡು, ಕುಣಿತಕ್ಕೂ ಯೋಜನೆ ಮಾಡುತ್ತಾರಂತೆ. ಬಂದಿದ್ದ ಅಧಿಕಾರಿ ನಿಂಗರಾಜ್ ನಮ್ಮ ಕಡೆಯ ಹುಡುಗನೇ.

"ನಿಮ್ಮ ವಾರ್ಡಿನಾಗ ಯಾವ ಕಲೆ ಬೇಕು ನೀವೇ ಹೇಳ್ರಿ. ಭಾನುವಾರ ಭವನದ ಕೋಣೆ ಬಿಟ್ಟುಕೊಡ್ತೀವಿ. ಇರೋದು ಒಂದೇ ಕೋಣೆ, ಒಂದೇ ಕ್ಲಾಸು. ಕಲಿಸೋರು ಮಾತ್ರ ಇದೇ ವಾರ್ಡಿನಾಗ ಕಾಯಂ ಇರ್ಬೇಕು."

ಹುಡುಗರು ಡೊಳ್ಳು ಎಂದರು. ಹೆಂಗಸರು ಸೋಬಾನೆ ಎಂದರು, ಹೆಂಗಸರೇ ಜಾಸ್ತಿ ಇದ್ದರು. ಯಾರು ಕಲಿಸುವುದು ಎಂದಾಗ ಎಲ್ಲರೂ ಅಕ್ಕನಾಗಮ್ಮನ ಕಡೆ ಕೈ ತೋರಿಸಿದರು. ಅವಳು ಎದ್ದು ನಿಂತು, "ಆಗ್ಲಿ, ಕಲಿಸ್ತೀನಿ. ನಮ್ಮ ಕರಿಯವ್ವ ಇರ್ತಾಳೆ, ಹಿಂದೆ ಹೇಳಾಕೆ" ಎಂದಳು.

ಆ ಮಾತು ಕರಿಯವ್ವನ ಎದೆಗೆ ಕೆಂಡ ಹಾಕಿದಂತಾಯಿತು. ಅವಳೂ ಎದ್ದಳು.

"ಅಕ್ಕಾರು ಇಲ್ಲಿ ಕಾಯಂ ಎಲ್ಲಿರ್ತಾರ್ರಿ ಸಾಹೇಬ್ರ? ಹರಿಹರದಾಗ ಮಗಳು ಆಶಾರಾಣಿ ಮನಿ ಐತೆ. ವರ್ಷದಾಗ ಅರ್ಧ ಅಲ್ಲೇ ಇರ್ತಾರೆ."

ಪೂರ್ತಿ ಸುಳ್ಳಲ್ಲ. ಹಬ್ಬಕ್ಕೆ, ಬಾಣಂತನಕ್ಕೆ ಹೋಗಿ ಬರುತ್ತಿದ್ದದ್ದು ನಿಜ, ಅರ್ಧ ವರ್ಷ ಇರುತ್ತಿದ್ದದ್ದು ಸುಳ್ಳು. ಅಕ್ಕನಾಗಮ್ಮ ಇವಳ ಮುಖವನ್ನೇ ಒಂದು ಗಳಿಗೆ ನೋಡಿದಳು. "ಹೌದ್ರಿ, ಆಕೀಗೇ ಕೊಡ್ರಿ," ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಅದೇ ವಾರ ಮಗಳ ಮನೆಗೂ ಹೋದಳು.

ತಿಂಗಳ ಮೇಲೆ ಕ್ಲಾಸು ಶುರುವಾಯಿತು. ಮೊದಲ ಭಾನುವಾರ ಭವನದ ಕೋಣೆ ತುಂಬಿತ್ತು. ಸೊಸೆಯಂದಿರು, ಹೈಸ್ಕೂಲಿನ ಹುಡುಗಿಯರು ಚಾಪೆ ಮೇಲೆ, ಕರಿಯವ್ವ ಕುರ್ಚಿ ಮೇಲೆ. ಅರಿಷಿಣದ ಹಾಡು ಎಂದು ಬಾಯಿ ತೆರೆದಳು. ಏನೂ ಬರಲಿಲ್ಲ. ಹಾಡೆಲ್ಲ ಹೊಟ್ಟೆಯಲ್ಲೇ ಇತ್ತು, ಆದರೆ ಒಂದೊಂದು ನುಡಿಯೂ ಅಕ್ಕನಾಗಮ್ಮ ಎತ್ತಿಕೊಟ್ಟ ಮೇಲೇ ಬಾಯಿಗೆ ಬಂದು ರೂಢಿ. ಎತ್ತಿಕೊಡುವ ದನಿಯಿಲ್ಲದೆ ತುದಿಯೇ ಸಿಗಲಿಲ್ಲ. ತೊಟ್ಟಿಲ ಹಾಡು ನೋಡಿದಳು, ಆರತಿ ಹಾಡು ನೋಡಿದಳು. ನಡುವಿನ ತುಂಡುಗಳು ಬಂದವು, ಹಿಂದೆ ಮುಂದೆ ಇಲ್ಲ. ಕೊನೆಗೆ ಗಂಟಲು ಕಟ್ಟಿದೆ ಎಂದು ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದಳು.

"ಏನ್ ಮೇಡಂ, ಕ್ಲಾಸು ಇಷ್ಟು ಲಗೂ ಮುಗೀತಾ?" ಎಂದ ಗುಡ್ಡಪ್ಪ. "ಹರಿಹರದಾಗ ಅಕ್ಕನಾಗಮ್ಮಾರ ಕ್ಲಾಸು ಮಧ್ಯಾಹ್ನದ ತನಕ ನಡೀತೈತಂತೆ. ಅಲ್ಲಿನ ನಗರಸಭೆಯೋರು ಕರೆದು ಕೂರಿಸ್ಯಾರೆ."

ಮುಂದಿನ ಭಾನುವಾರ ಕರಿಯವ್ವ ಕ್ಲಾಸಿಗೆ ರಜೆ ಕೊಟ್ಟು, ಹೊಳೆಗೆ ಹೋಗಿ ಬರ್ತೀನಿ ಎಂದು ಹೇಳಿ ಹರಿಹರದ ಬಸ್ಸು ಹತ್ತಿದಳು. ಒಂದೊಂದು ಹಾಡಿನ ಮೊದಲ ನುಡಿ ಕೇಳಿಕೊಂಡು ಬಂದರೆ ಸಾಕು, ಉಳಿದದ್ದು ತಾನೇ ಸಂಭಾಳಿಸಬಹುದು ಎಂದು ಅವಳ ಲೆಕ್ಕ.

ನಗರಸಭೆಯ ಭವನದ ಮೆಟ್ಟಿಲ ಹತ್ತಿರ ಬಂದಾಗಲೇ ಅಕ್ಕನಾಗಮ್ಮನ ಒಡೆದ ದನಿ ಕೇಳಿಸಿತು. ಕರಿಯವ್ವನ ಗಂಟಲಿಗೆ ನುಡಿ ತಾನಾಗಿ ಬಂತು. ಆದರೆ ಅವಳು ಬಾಯಿ ಬಿಡುವ ಮೊದಲೇ ಒಳಗೆ ಬೇರೆ ಯಾರೋ ಅದನ್ನು ಹಿಡಿದರು.

ಇಣುಕಿ ನೋಡಿದಳು. ಅಕ್ಕನಾಗಮ್ಮನ ಎಡಮಗ್ಗುಲಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಪಿಂಜಾರರ ಓಣಿಯ ಜೈನಾಬಿ ಎಂಬಾಕೆ ಕೂತಿದ್ದಳು. ದನಿ ತುಪ್ಪದಂತಿತ್ತು. ಸೀರೆ, ಕುರ್ಚಿಗಾಗಿ ಪಟ್ಟ ಸಂಕಟವೆಲ್ಲ ಕರಿಯವ್ವನಿಗೆ ಆಗ ಬರೀ ಆಟದಂತೆ ಕಂಡಿತು. ಇಷ್ಟು ವರ್ಷ ತಾನು ಕೂತ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಾಳಲ್ಲ ಎಂದು ಕರುಳು ಸುಟ್ಟಿತು.

ಜೈನಾಬಿಯೇ ನೋಡಿ ಕರೆದಳು. "ಬರ್ರಿ ಅಕ್ಕಾ, ಕೂಡ್ರಿ. ನೀವೂ ಹಿಂದೆ ಹೇಳ್ತೀರೇನು?"

"ಆಕೀನ ಹಂಗೆಲ್ಲ ಕೇಳಬ್ಯಾಡ," ಎಂದಳು ಅಕ್ಕನಾಗಮ್ಮ, ಇತ್ತ ತಿರುಗದೆ. "ಆಕೀ ದಾವಣಗೆರಿಯಾಗ ಮೇಡಂ. ಮುಂದೆ ಹೇಳ್ತಾಳೆ."

ಅಷ್ಟು ಹೇಳಿ ಮುಂದಿನ ನುಡಿ ಎತ್ತಿದಳು. ಜೈನಾಬಿ ಹಿಡಿಯುವ ಮೊದಲು ಕರಿಯವ್ವ ಬಾಗಿಲಲ್ಲಿ ನಿಂತೇ ಹಿಡಿದಳು. ಗೋಡೆ ಅದುರುವಂತೆ ಹಿಡಿದಳು. ಅಕ್ಕನಾಗಮ್ಮ ಉಸಿರು ಎಳೆದುಕೊಂಡು ಇನ್ನೊಂದು ನುಡಿ ಕೊಟ್ಟಳು, ಕರಿಯವ್ವ ಅದನ್ನೂ ಬಿಡಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಇಬ್ಬರ ನಡುವೆ ತೂರಿಕೊಂಡು ಕೂತಿದ್ದಳು. ಕೇಳಬೇಕೆಂದು ಬಂದದ್ದನ್ನು ಕೇಳಲೇ ಇಲ್ಲ.

ಸೋಮವಾರ ನಿಂಗರಾಜ್ ಹತ್ತಿರ ಹೋಗಿ, ತನ್ನ ಕೈಲಿ ಆಗುವುದಿಲ್ಲ ಎಂದು ಹೇಳಿಬಂದಳು. ಅಕ್ಕನಾಗಮ್ಮ ಹರಿಹರದಲ್ಲೇ ಉಳಿದಿದ್ದರಿಂದ ಪಾಲಿಕೆಯವರು ಕೋಣೆಯನ್ನು ಡೊಳ್ಳಿನ ಹುಡುಗರಿಗೆ ಕೊಟ್ಟರು. ವಿನೋಬನಗರದ ಹೆಂಗಸರು ಈಗಲೂ ಅವಳನ್ನು ಬೈಯುತ್ತಾರೆ. ತಾನೂ ತಿನ್ನಲಿಲ್ಲ, ತಿನ್ನುವವರಿಗೂ ಬಿಡಲಿಲ್ಲ ಎನ್ನುತ್ತಾರೆ. ಕರಿಯವ್ವ ಕೇಳಿಸದವಳಂತೆ ಪ್ರತಿ ಭಾನುವಾರ ಹರಿಹರದ ಬಸ್ಸು ಹತ್ತುತ್ತಾಳೆ. ಭವನದ ಬಾಗಿಲು ತೆರೆಯುವ ಮೊದಲೇ ಹೋಗಿ ಕಾದು, ತೆರೆದ ಕೂಡಲೇ ಎಡಮಗ್ಗುಲಿನ ಚಾಪೆಯ ಮೇಲೆ ಸೆರಗು ಹರವಿ ಕೂರುತ್ತಾಳೆ.

ಈಚೆಗೆ ಜೈನಾಬಿಯೂ ಬೇಗ ಬರತೊಡಗಿದ್ದಾಳೆ. ಅದಕ್ಕೇ ಕರಿಯವ್ವ ಈಗ ಮೊದಲ ಬಸ್ಸಿಗೇ ಹೊರಡುತ್ತಾಳೆ.