ಎರಡನೇ ಸಿಲಿಂಡರ್

ಅನುಮಾನ ನನ್ನ ಹುಟ್ಟುಗುಣ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದಾಗ ಅದು ಇನ್ನಷ್ಟು ಬಲಿಯಿತು. ಬಳಪ ಕದ್ದವರು ಯಾರೆಂದು ಮುಖ ನೋಡಿಯೇ ಹೇಳುತ್ತಿದ್ದೆ. ರಿಟೈರ್ ಆದ ಮೇಲೆ ಅನುಮಾನ ಪಡಲು ಮನೆಯಲ್ಲಿ ಉಳಿದವರು ಒಬ್ಬರೇ, ನನ್ನ ಯಜಮಾನರು. ಹಾಗಾಗಿ ಹೊಸ ಪ್ಲಗ್ ಹಾಕಿದ ಮರುದಿನವೇ ಕಾರು ಕುಂಟತೊಡಗಿದಾಗ ನನ್ನ ಕಣ್ಣು ನೇರವಾಗಿ ಜಗಲಿಯ ಮೇಲೆ ಕೂತಿದ್ದ ಅವರ ಕಡೆಗೇ ಹೋಯಿತು.

ಅಜ್ಜಂಪುರದ ನಮ್ಮ ಮನೆಯಲ್ಲಿ ಒಂದು ಹಳೇ ಪೆಟ್ರೋಲ್ ಕಾರಿದೆ. ಮೊದಲೆಲ್ಲ ಅವರೇ ಓಡಿಸುತ್ತಿದ್ದರು. ಹೋದ ವರ್ಷ ಕಣ್ಣು ಸ್ವಲ್ಪ ಮಂಜು, ಡಾಕ್ಟರು ಡ್ರಾಪ್ಸ್ ಕೊಟ್ಟಿದ್ದಾರೆ, ವಾಸಿಯಾಗುವವರೆಗೆ ಓಡಿಸುವುದು ಬೇಡ ಎಂದು ಕೀಲಿಯನ್ನು ಗೂಟಕ್ಕೆ ನೇತುಹಾಕಿದರು. ಆ ಕೀಲಿಯನ್ನು ನಾನು ತೆಗೆದುಕೊಂಡೆ. ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಬೀದಿಯವರು ನಕ್ಕರು, ನಗಲಿ. ಲಿಂಗದಹಳ್ಳಿಯಲ್ಲಿ ನನ್ನ ತಂಗಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಳು. ಬಸ್ಸಿಗೆ ಹೋದರೆ ತರೀಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು, ಅರ್ಧ ದಿನ ಅಲ್ಲೇ ಹೋಗುತ್ತದೆ. ಕಾರಿದ್ದರೆ ಬೆಳಿಗ್ಗೆ ಹೋಗಿ, ಅವಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ, ಸಂಜೆಯೊಳಗೆ ವಾಪಸ್ಸು. ಯಾರನ್ನೂ ಕೇಳದೆ ಹೊರಡುವುದರ ಸುಖ ನನಗೆ ತಿಳಿದದ್ದೇ ಆಗ. ಅದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ ನಾನು.

ಇವರಿಗೋ ಬೇಸಿಗೆ ಕಳೆದ ಮೇಲೆ ಕಾರಿನ ಮೇಲೆ ಏನೋ ಸಿಟ್ಟು. ಪಕ್ಕದ ಸೀಟಿನಲ್ಲಿ ಕೊರಡಿನ ಹಾಗೆ ಕೂರುವರು. ತಿರುವು ದಾಟಿದ ಮೇಲೆ "ತಿರುವು, ನಿಧಾನ" ಎನ್ನುವರು. ಬೇಕೆಂದೇ ನನ್ನನ್ನು ಗಲಿಬಿಲಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಒಂದು ದಿನ ಊಟಕ್ಕೆ ಕೂತಾಗ, "ಎಂಜಿನ್ ಸವೆದೋಗಿದೆ ಕಣೇ, ಗುಜರಿಗೆ ಹಾಕ್ಬಿಡಣ. ಕಡೂರಿನವ್ರು ಭಾನುವಾರ ಬಂದ್ ನೋಡ್ತಾರೆ" ಅಂದರು. ನನ್ನನ್ನು ಕೇಳದೆ ಆಗಲೇ ಫೋನು ಮಾಡಿ ಮುಗಿಸಿದ್ದರು.

ಎಂಜಿನ್ ಗಟ್ಟಿಯಾಗಿದೆ ಎಂದು ತೋರಿಸಲೇಬೇಕೆಂದು ಹಟ ಹಿಡಿದು, ಕಡೂರಿಗೆ ಹೋಗಿ, ಸಿಲಿಂಡರಿಗೊಂದರಂತೆ ಪೆಟ್ರೋಲಿಗೆ ಕಿಡಿ ಕೊಡುವ ನಾಲ್ಕು ಹೊಸ ಪ್ಲಗ್ ತಂದೆ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಅಂಗಳದಲ್ಲಿ ನಾನೇ ಬದಲಾಯಿಸಿದೆ. ನಾಲ್ಕನ್ನೂ ಬಿಗಿ ಮಾಡಿ, ಇನ್ನು ಮೇಲಿನ ವೈರುಗಳನ್ನು ಚುಚ್ಚುವುದಷ್ಟೇ ಬಾಕಿ ಎನ್ನುವಾಗ ತಂಗಿಯ ಫೋನು ಬಂತು. ಅವಳ ಮಾತು ಬೇಗ ಮುಗಿಯುವಂಥದ್ದಲ್ಲ. ಹೊರಗೆ ಬರುವಷ್ಟರಲ್ಲಿ ಯಜಮಾನರು ಬಾನೆಟ್ ಮುಚ್ಚಿ ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದರು. "ವೈರ್ ಹಾಕಿದೀನಿ, ಬಿಡು" ಅಂದರು. ತಿಂಗಳುಗಟ್ಟಲೆ ಕಾರಿನ ಹತ್ತಿರ ಸುಳಿಯದವರಿಗೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಯಾಕೆ?

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸ್ಟೀರಿಂಗ್ ಚಳಿಜ್ವರ ಬಂದ ಹಾಗೆ ನಡುಗಿತು. ಆಕ್ಸಿಲರೇಟರ್ ಒತ್ತಿದರೆ ಮುಂದಕ್ಕೆ ಹೋಗುವ ಬದಲು ಜಗ್ಗಿ ಜಗ್ಗಿ ನಿಂತಿತು. ಊರು ದಾಟುವ ಮೊದಲೇ ತಿರುಗಿಸಿಕೊಂಡು ಬಂದೆ. ಅವರು ಜಗಲಿಯಿಂದ ತಲೆ ಎತ್ತದೆಯೇ, "ನಾನ್ ಹೇಳ್ಲಿಲ್ವಾ, ಎಂಜಿನ್ ಹೋಯ್ತು ಅಂತ" ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬಾಯಿ ತೆರೆಯುವ ಮೊದಲೇ ಇವರ ಉತ್ತರ ಸಿದ್ಧವಾಗಿತ್ತು.

ವೈರುಗಳನ್ನು ಅದಲುಬದಲು ಮಾಡಿದ್ದಾರೆ ಎಂದು ನನಗೆ ಖಾತ್ರಿಯಿತ್ತು. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದೆ. ಅದನ್ನು ಪಕ್ಕದಲ್ಲಿ ಹಿಡಿದು ನೋಡಿದೆ. ಎಲ್ಲ ಅದರದರ ಜಾಗದಲ್ಲೇ ಇದ್ದವು. ನಿಜ ಹೇಳಬೇಕೆಂದರೆ ನನಗೆ ನಿರಾಸೆಯಾಯಿತು. ಆಮೇಲೆ ಅನುಮಾನ ಕಡೂರಿನ ಅಂಗಡಿಯ ಮೇಲೆ ಹೋಯಿತು, ಡೂಪ್ಲಿಕೇಟ್ ಮಾಲು ಕೊಟ್ಟಿರಬೇಕೆಂದು. ಫೋನು ಮಾಡಿದರೆ ಅಂಗಡಿಯವರು ಮುನಿಸಿಕೊಂಡು ಇಟ್ಟುಬಿಟ್ಟರು. ಕೊನೆಗೆ ತರೀಕೆರೆಯ ನಮ್ಮ ಮೆಕ್ಯಾನಿಕ್ಕಿಗೆ ಕೇಳಿದೆ.

"ಒಂದೊಂದೇ ವೈರ್ ತೆಗೆದು ಸ್ಟಾರ್ಟ್ ಮಾಡಿ ನೋಡಿ ಅಮ್ಮ. ಯಾವ್ದನ್ನ ತೆಗೆದ್ರೂ ಸದ್ದು ಬದಲಾಗಲ್ವೋ ಅಲ್ಲೇ ಕಳ್ಳ ಇರೋದು. ಆಫ್ ಮಾಡ್ಕೊಂಡೇ ವೈರ್ ಮುಟ್ಟಿ, ಶಾಕ್ ಹೊಡೀತದೆ" ಅಂದರು ಅವರು. ಅವರ ಪಕ್ಕದಲ್ಲಿ ಯಾರೋ ದಖನಿ ಉರ್ದುವಿನಲ್ಲಿ ಏನೋ ಹೇಳಿ ನಕ್ಕದ್ದು ಕೇಳಿಸಿತು. ಈ ಮೆಕ್ಯಾನಿಕ್ಕು ಯಜಮಾನರ ಹಳೇ ಸ್ನೇಹಿತರು. ಇವರೂ ಅವರೂ ಸೇರಿಕೊಂಡಿದ್ದಾರೋ ಏನೋ ಎಂದು ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ.

ಶನಿವಾರ ಮಧ್ಯಾಹ್ನ ಯಜಮಾನರು ಊಟ ಮಾಡಿ ಮಲಗಿದ ಮೇಲೆ ಬಾನೆಟ್ ಎತ್ತಿದೆ. ಮೊದಲನೆಯ ವೈರು ತೆಗೆದು ಸ್ಟಾರ್ಟ್ ಮಾಡಿದರೆ ನಡುಕ ಇನ್ನೂ ಹೆಚ್ಚಾಯಿತು. ಅಂದರೆ ಆ ಸಿಲಿಂಡರು ಚೆನ್ನಾಗಿದೆ. ಆಫ್ ಮಾಡಿ, ಅದನ್ನು ಹಾಕಿ, ಎರಡನೆಯದನ್ನು ತೆಗೆದೆ. ಎಂಜಿನ್ನಿಗೆ ಗೊತ್ತೇ ಆಗಲಿಲ್ಲ. ಅದೇ ನಡುಕ, ಅದೇ ಸದ್ದು. ಮೂರು, ನಾಲ್ಕು ಎರಡೂ ಸರಿಯಿದ್ದವು. ಎರಡನೆಯ ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿದೆ.

ಬಿಳಿಯ ಪಿಂಗಾಣಿಯ ಮೇಲೆ ಹಳದಿ, ಕೆಂಪು. ತುಕ್ಕೇ ಎಂದು ಮೂಸಿದರೆ ಅರಿಶಿನದ ವಾಸನೆ. ಬೆರಳಿಗೆ ಕುಂಕುಮ ಹತ್ತಿತು. ಉಳಿದ ಮೂರನ್ನೂ ನೋಡಿದೆ, ಅವುಗಳ ಮೇಲೂ ಒಂದೊಂದು ಬೊಟ್ಟು. ಎರಡನೆಯದರಲ್ಲಿ ಮಾತ್ರ ನೀರಿನಲ್ಲಿ ಕಲಸಿದ ಅರಿಶಿನ ಕುತ್ತಿಗೆಯಿಂದ ಕಬ್ಬಿಣದವರೆಗೂ ಹರಿದಿತ್ತು. ಆ ಒದ್ದೆ ದಾರಿಯಲ್ಲೇ ಕಿಡಿ ಹೊರಗಿನಿಂದ ಇಳಿದುಹೋಗಿ, ಕೂದಲೆಳೆಯಷ್ಟು ಕಪ್ಪು ಗೆರೆ ಸುಟ್ಟಿತ್ತು. ಒಳಗಿನ ಪೆಟ್ರೋಲಿಗೆ ಕಿಡಿ ತಲುಪಿರಲೇ ಇಲ್ಲ.

ಪಂಪ್‌ಸೆಟ್ ಬರಲಿ, ಮಿಕ್ಸಿ ಬರಲಿ, ಹೊಸದಕ್ಕೆ ಅರಿಶಿನ ಕುಂಕುಮ ಇಡದೆ ಬಳಸುವ ಮನೆ ನಮ್ಮ ಕಡೆ ಇಲ್ಲ. ನಮ್ಮ ಮನೆಯಲ್ಲಿ ಇಡುವವಳು ನಾನು, ಆಡಿಕೊಳ್ಳುವವರು ಇವರು. ಕಬ್ಬಿಣಕ್ಕೆ ಎಣ್ಣೆ ಸಾಕು, ಕುಂಕುಮ ಯಾಕೆ ಎನ್ನುವ ಮನುಷ್ಯ. ಅಂಥವರು ಇಟ್ಟಿದ್ದಾರೆಂದರೆ ಕೆಡಿಸಲೆಂದೇ ಇಟ್ಟಿರಬೇಕು. ಮೈಯೆಲ್ಲ ಉರಿದುಹೋಯಿತು. ಪ್ಲಗ್ಗು ಹಿಡಿದುಕೊಂಡೇ ಒಳಗೆ ಹೋಗಿ ಎಬ್ಬಿಸಿದೆ.

"ಏನ್ರೀ, ಪ್ಲಗ್ಗಿಗೆ ಅರಿಶಿನ ಕುಂಕುಮ ಮೆತ್ತಿದ್ದು ನೀವೇ ತಾನೆ?"

ಅವರು ಎದ್ದು ಕೂತರು. "ನಾನೇ ಕಣೇ. ಒಬ್ಳೇ ಲಿಂಗದಹಳ್ಳಿವರ್ಗೂ ಹೋಗ್ತೀಯ. ಒಂದ್ ಬೊಟ್ಟು ಇರ್ಲಿ ಅಂತ ಇಟ್ಟೆ."

"ಒಂದ್ ಬೊಟ್ಟಾ ಇದು? ನೋಡಿ, ಹೆಂಗ್ ಹರಿದಿದೆ."

ಪ್ಲಗ್ಗನ್ನು ಅವರ ಮುಖದ ಮುಂದೆ ಹಿಡಿದೆ. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಅವರು ತೆಗೆದುಕೊಳ್ಳಲು ಕೈ ಚಾಚಿದರು. ಕೈ ಪ್ಲಗ್ಗನ್ನು ದಾಟಿ ಪಕ್ಕಕ್ಕೆ ಹೋಯಿತು. ಮತ್ತೆ ತಡವಿ ಹಿಡಿದುಕೊಂಡು, ಹೆಬ್ಬೆರಳಿನಿಂದ ಪಿಂಗಾಣಿಯನ್ನು ಸವರುತ್ತಾ, "ಎಲ್ಲಿವರ್ಗೂ ಹರಿದಿದೆ?" ಅಂದರು.

ನಾನು ಮಂಚದ ಮೇಲೆ ಕೂತುಬಿಟ್ಟೆ.

"ಯಾವಾಗಿಂದ ರೀ?"

"ಬೇಸಿಗೆಯಿಂದ. ವೈರ್ ಕೈಗೆ ರೂಢಿ, ಹಾಕ್ದೆ. ಕುಂಕುಮ ಎಷ್ಟ್ ಬಿತ್ತು ಅಂತ ತಿಳೀಲಿಲ್ಲ." ಆಮೇಲೆ ಅವರಾಗಿಯೇ, "ಡ್ರಾಪ್ಸ್ ಸಾಕು ಅಂತ ನಾನೇ ಹೇಳಿದ್ದು. ಡಾಕ್ಟ್ರು ಶಿವಮೊಗ್ಗಕ್ಕೆ ಹೋಗಿ ತೋರ್ಸಿ ಅಂದಿದ್ರು" ಅಂದರು.

"ಅದಕ್ಕೆ ಕಾರ್ ಯಾಕೆ ಗುಜರಿಗೆ ಹಾಕ್ಬೇಕು?"

"ಪಕ್ಕದಲ್ ಕೂತ್ರೆ ರಸ್ತೆ ಕಾಣಲ್ಲ. ಲಾರಿ ಸದ್ದು ಕೇಳ್ತದೆ, ಎಷ್ಟ್ ದೂರ ಅಂತ ಗೊತ್ತಾಗಲ್ಲ. ನೀನ್ ಒಬ್ಳೇ ಹೋದ ದಿನ ಅದಕ್ಕಿಂತ ಕಷ್ಟ. ಹೆದ್ರಿ ಹೆದ್ರಿ ಸಾಕಾಯ್ತು ಕಣೇ."

ಬಳಪ ಕದ್ದವನ ಮುಖ ಓದುತ್ತಿದ್ದವಳಿಗೆ ಒಂದೇ ಮನೆಯಲ್ಲಿ, ಒಂದೇ ತಟ್ಟೆಯ ಅಂತರದಲ್ಲಿ ಕೂತು ಉಣ್ಣುವವರ ಕಣ್ಣು ಓದಲಾಗಲಿಲ್ಲ. ಅವರ ಕೈಯಿಂದ ಪ್ಲಗ್ಗು ತೆಗೆದುಕೊಂಡು ಹೊರಗೆ ಬಂದೆ. ಸುಟ್ಟ ಗೆರೆ ಹೋಗುವವರೆಗೂ ಪೆಟ್ರೋಲ್ ಬಟ್ಟೆಯಿಂದ ಉಜ್ಜಿದೆ, ವೈರಿನ ಟೋಪಿಯ ಒಳಗೂ ಒರೆಸಿ ಆರಲು ಬಿಟ್ಟೆ. ಮತ್ತೆ ಹಾಕಿ ಸ್ಟಾರ್ಟ್ ಮಾಡಿದಾಗ ನಡುಕ ನಿಂತಿತ್ತು.

ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ಅವರು, "ಈಗ ನಾಲ್ಕೂ ಓಡ್ತಾವೆ" ಅಂದರು.

"ಗುಜರಿಯವ್ರಿಗೆ ಬರೋದ್ ಬೇಡ ಅಂತ ಹೇಳಿ" ಅಂದೆ.

ಅವರು ಜೇಬಿನಿಂದ ಫೋನು ತೆಗೆದು ನನ್ನ ಕಡೆ ಚಾಚಿದರು. "ನಂಬರ್ ಒತ್ಕೊಡು."

ಸೋಮವಾರ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೋಗುವುದೆಂದು ಆಯಿತು. ಅಷ್ಟು ದೂರ ಹೋಗುವ ಮೊದಲು ಎಂಜಿನ್ ನೋಡಿಬಿಡೋಣವೆಂದು ಆ ಸಂಜೆ ಅವರನ್ನು ಕೂರಿಸಿಕೊಂಡು ಬುಕ್ಕಾಂಬುಧಿಯ ಕಡೆ ಹೊರಟೆ. ಕಾರು ಸಲೀಸಾಗಿ ಹೋಗುತ್ತಿತ್ತು. ಊರು ದಾಟಿದ ಮೇಲೆ ಅವರು, "ಮುಂದೆ ಏನಿದೆ ಅಂತ ಹೇಳ್ತಾ ಹೋಗು" ಅಂದರು.

ಟ್ರ್ಯಾಕ್ಟರು ಬಂದರೆ ಟ್ರ್ಯಾಕ್ಟರು ಎಂದೆ. ಎಡಕ್ಕೆ ಕುರಿಮಂದೆ, ನಿಲ್ಲಿಸುತ್ತಿದ್ದೇನೆ ಎಂದೆ. ಕುರಿಗಳು ದಾಟಿದವು. ಆಮೇಲೆ ಹೇಳಲು ಏನೂ ಉಳಿಯಲಿಲ್ಲ.

"ಯಾಕ್ ಸುಮ್ನಾದೆ?"

"ರಸ್ತೆ ಖಾಲಿ ರೀ."

"ನಿಜ ಹೇಳ್ತಿದೀಯ?"

"ನಿಜವಾಗ್ಲೂ ಖಾಲಿ" ಅಂದೆ.