ಅತ್ತೆ ಕೇಳಿದ ನಳಿಗೆ

ಹೋದ ವಾರ ಹಿತ್ತಿಲ ಕೊಳಾಯಿ ರಿಪೇರಿಗೆ ಬಂದ ಹುಡುಗ ಎಲ್ಲಿಂದಲೋ ಒಂದು ಬಾಟಲಿ ಸೀಮೆಎಣ್ಣೆ ತಂದು ತುಕ್ಕು ಹಿಡಿದ ಪೈಪಿನ ಮೇಲೆ ಸುರಿದ. ಆಮೇಲೆ ಪೈಪ್ ರೆಂಚು ಹಾಕಿ ಕಿರ್ರೆಂದು ತಿರುವಿದ. “ನಿಧಾನ ಕಣೋ, ಅದು ಕಚ್ಚುತ್ತದೆ” ಅಂದೆ. ಅಂದ ಮೇಲೆ ತಿಳಿಯಿತು, ಅದು ನನ್ನ ಮಾತಲ್ಲ, ಮಾವನ ಮಾತು. ಸೀಮೆಎಣ್ಣೆಗೆ ತುಕ್ಕು ಬೆರೆತ ಆ ವಾಸನೆ... ಅಲ್ಲಿ ನಿಲ್ಲಲಾಗದೆ ಒಳಗೆ ಬಂದು ಕುಳಿತೆ.

ಮಾವ ಅಂದರೆ ನಮ್ಮ ಅವ್ವನ ತಮ್ಮ. ಮಿಡಿಗೇಶಿಯ ಹತ್ತಿರ ಅವನ ಹೊಲ. ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಬೆಟ್ಟದಿಂದ ಹಂದಿಗಳು ಇಳಿದು, ನೇಗಿಲಿಲ್ಲದೆ ಹೊಲ ಉತ್ತು ಹೋಗುತ್ತಿದ್ದವು. ಅದಕ್ಕೆಂದೇ ಅವರಪ್ಪನ ಕಾಲದಿಂದ ಮನೆಯಲ್ಲಿ ಲೈಸೆನ್ಸಿನ ನಾಡಕೋವಿ ಇತ್ತು. ಮಾವ ಹೊಡೆದ ಹಂದಿಗಿಂತ ಹೊಡೆದೆನೆಂದು ಹೇಳಿಕೊಂಡ ಹಂದಿಗಳೇ ಹೆಚ್ಚು. “ನಿನ್ ಕೋವಿ ಸದ್ದು ಕೇಳುದ್ರೆ ಹಂದಿ ನಗ್ತಾವೆ ಕಣ್ ಮಾವ” ಎಂದು ನಾನೂ ಅವನ ಮಗನೂ ಛೇಡಿಸುತ್ತಿದ್ದೆವು. ಮಾವನೂ ನಗುತ್ತಿದ್ದ.

ಅವನಿಗೆ ಒಬ್ಬನೇ ಮಗ. ನನ್ನ ಓರಗೆಯವನು, ನನಗಿಂತ ಚೆನ್ನಾಗಿ ಈಜುತ್ತಿದ್ದವನು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಂದು ಮುಸ್ಸಂಜೆ ಅತ್ತೆ ಅವನನ್ನು ಕರೆದು, “ಬೇಯ್ಸಾಕೆ ನಾಕು ಹಸಿಕಾಯಿ ಕಿತ್ಕಂಡ್ ಬಾ” ಎಂದು ಹೊಲಕ್ಕೆ ಕಳಿಸಿದಳು. ಮಾವ ಆಗಲೇ ಕೋವಿ ಹಿಡಿದು ಬಂಡೆಯ ಮೇಲೆ ಕಾವಲು ಕುಳಿತಿದ್ದ. ಮಗ ಬಂದದ್ದು ಬೇರೆ ದಾರಿಯಿಂದ. ಬದುವಿನ ಪಕ್ಕ ಬಗ್ಗಿ ಗಿಡ ಕೀಳುತ್ತಿದ್ದ. ಮಾವನಿಗೆ ಕಂಡದ್ದು ಕಪ್ಪಗೆ ಅಲುಗಾಡುವ ಒಂದು ಬೆನ್ನು, ಅಷ್ಟೇ... ಆ ಒಂದು ಸಲ ಗುರಿ ತಪ್ಪಲಿಲ್ಲ.

ಪೊಲೀಸು, ಕೋರ್ಟು ಎಲ್ಲ ಆಯಿತು. ಬೇಕೆಂದು ಮಾಡಿದ್ದಲ್ಲ ಎಂದು ಬಿಟ್ಟರು, ಲೈಸೆನ್ಸು ರದ್ದಾಯಿತು. ಬಹಳ ದಿನಗಳ ಮೇಲೆ ಕೋವಿಯನ್ನು ವಾಪಸು ಕೊಟ್ಟು, ಇನ್ನು ಗುಂಡು ಹಾರದಂತೆ ಅದನ್ನು ಬಿಚ್ಚಿಸಿಬಿಡು ಅಂದರಂತೆ. ಅಲ್ಲಿಯವರೆಗೂ ಅತ್ತೆ ಮಾವನ ಜೊತೆ ತುಟಿ ಬಿಚ್ಚಿರಲಿಲ್ಲ. ಮುದ್ದೆ ತಿರುವುತ್ತಿದ್ದಳು, ತಟ್ಟೆ ಇಡುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಕೋವಿ ಮನೆಗೆ ಬಂದ ದಿನ ಮೊದಲ ಸಲ ಮಾತಾಡಿದಳು. “ಆ ನಳಿಗೆ ಬಿಚ್ಚುಸ್ಕಂಡ್ ಬಾ. ಸೊಟ್ಟ ಆಗ್ಬಾರ್ದು, ಸೀಳ್ಬಾರ್ದು. ಇಡಿಯಾಗಿ ನಂಗೆ ಬೇಕು.”

ಯಾಕೆಂದು ಮಾವ ಕೇಳಲಿಲ್ಲ. ಹೆಂಡತಿ ಬಾಯಿ ಬಿಟ್ಟಳಲ್ಲ, ಅದೇ ಅವನಿಗೆ ಸಾಕಾಗಿತ್ತು.

ಆಗ ನಾನು ಮಧುಗಿರಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಾವ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಊರಿನ ಕುಲುಮೆಯವನು ಕಾಯಿಸಿ ಬಡಿಯುತ್ತೇನೆ ಅಂದನಂತೆ, ಇವನು ಒಪ್ಪಿರಲಿಲ್ಲ. ನಳಿಗೆಯ ಹಿಂಬದಿಗೆ ತಿರುಪಿನ ಮುಚ್ಚಳವಿತ್ತು, ತುಕ್ಕು ಹಿಡಿದು ಒಂದಾಗಿ ಹೋಗಿತ್ತು. ಇಷ್ಟೇ ತಾನೆ ಎಂದು ನಾನು ಅಂಗಡಿಯ ದೊಡ್ಡ ಪೈಪ್ ರೆಂಚು ತಂದೆ. ಮಾವ ಅದರ ಹಲ್ಲುಗಳ ಮೇಲೆ ಬೆರಳಾಡಿಸಿ ನೋಡಿದ.

“ಬ್ಯಾಡ ಕಣ್ಲಾ. ಇದು ಕಚ್ಚತೈತೆ.”

“ಕಚ್ಚುದ್ರೆ ಕಚ್ಲಿ ಬುಡು ಮಾವ, ಇನ್ನೇನ್ ಹಂದಿ ಹೊಡಿಯಾಕ್ ಹೋಯ್ತೀಯಾ?” ಅಂದುಬಿಟ್ಟೆ. ಅವನು ಕೋವಿಯನ್ನು ಮತ್ತೆ ಗೋಣಿಯಲ್ಲಿ ಸುತ್ತಿದ.

ಸಿರಾದಲ್ಲಿ ಕೋವಿ ರಿಪೇರಿ ಮಾಡುವ ಸಾಬರೊಬ್ಬರಿದ್ದರು. ರಜ ಹಾಕಿ ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಳಗೆ ಮದ್ದು ಉಳಿದಿದೆಯೇನೋ ನೋಡಬೇಕು ಎಂದು ಸಾಬರು ಮೊದಲು ಒಂದು ಕಡ್ಡಿ ಇಳಿಬಿಟ್ಟರು. “ಏನೂ ಇಲ್ಲ ಸಾಬ್ರೇ. ಅವತ್ತು ಖಾಲಿ ಆಗಿದ್ದು, ಆಮ್ಯಾಕೆ ಯಾರೂ ತುಂಬಿಲ್ಲ” ಅಂದ ಮಾವ. ಸಾಬರು ಒಮ್ಮೆ ಅವನ ಮುಖ ನೋಡಿ, ಕೆಲಸಕ್ಕೆ ಕೈ ಹಾಕಿದರು. ಹಿಡಿಯ ಮರ ಬಿಡಿಸಿದರು. ಸೀಮೆಎಣ್ಣೆ ಹಾಕಿ ನೆನೆಯಲು ಬಿಟ್ಟರು. ವೈಸಿನ ಬಾಯಿಗೆ ಮರದ ತುಂಡು ಕೊಟ್ಟು, ನಳಿಗೆಗೆ ಚರ್ಮ ಸುತ್ತಿ ಬಿಗಿದರು. ಗೋಡೆಯ ಮೇಲೆ ತೂಗುಹಾಕಿದ್ದ ಪಾನಾಗಳನ್ನು, ಅಂದರೆ ಸ್ಪ್ಯಾನರುಗಳನ್ನು, ಒಂದೊಂದಾಗಿ ಹಚ್ಚಿ ನೋಡಿ, ಸಡಿಲವಾದದ್ದನ್ನೆಲ್ಲ ಬದಿಗಿಟ್ಟರು. ಯಾವುದೂ ಕೂರದೆ ಹೋದಾಗ, ಇದ್ದುದರಲ್ಲೇ ಚಿಕ್ಕದೊಂದರ ಬಾಯನ್ನು ಅರದಿಂದ ಉಜ್ಜಿ ಹದಕ್ಕೆ ತಂದರು.

“ಗುಜರಿಗೆ ಹೋಗೋ ಮಾಲಿಗೆ ಇಷ್ಟು ನಾಜೂಕು ಯಾಕೆ ಗೌಡ್ರೆ?”

“ಮನೇವ್ಳು ಕೇಳವ್ಳೆ” ಅಂದ ಮಾವ. ಹೊಸದಾಗಿ ಮದುವೆಯಾದವನು ಹೆಂಡತಿಗೆ ಸೀರೆ ಆರಿಸುವಾಗ ಇರುತ್ತದಲ್ಲ, ಅಂಥ ಮುಖ ಮಾಡಿಕೊಂಡಿದ್ದ. ಮುಚ್ಚಳ ಕಳಚಿತು. ನಳಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ಬಸ್ಸಿನಲ್ಲಿ ಊರಿನವರೆಗೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದ.

ಅತ್ತೆ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ತಿಕ್ಕಿ ತೊಳೆದಳು. ಒಲೆಯ ಮುಂದೆ ಕುಳಿತು ಒಂದು ತುದಿಯನ್ನು ಕೆಂಡಕ್ಕೆ ಚಾಚಿ, ಇನ್ನೊಂದಕ್ಕೆ ಬಾಯಿಟ್ಟು ಊದಿದಳು. ಹಳೆಯ ನಳಿಗೆಗಳನ್ನು ಊದುಗೊಳವೆ ಮಾಡಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಇದನ್ನು ಬಾಯಿಗಿಡುತ್ತಾಳೆಂದು ನಾವಿಬ್ಬರೂ ಎಣಿಸಿರಲಿಲ್ಲ.

“ಕಳ್ಸಿದ್ದು ನಾನು, ಹೊಡ್ದಿದ್ದು ನೀನು” ಅಂದಳು, ಮಾವನ ಕಡೆ ತಿರುಗದೆ. “ಇನ್ಮ್ಯಾಕೆ ಮೂರೊತ್ತೂ ನಾನು ಇದ್ರಾಗೇ ಊದ್ತೀನಿ. ನೀನು ಉಣ್ಣು.”

ಮಾವ ಉಂಡ. ಅಂದೂ ಉಂಡ, ಆಮೇಲೆ ಎಷ್ಟೋ ವರ್ಷ ತಲೆ ತಗ್ಗಿಸಿಕೊಂಡೇ ಉಂಡ. ಎಂಥ ಕಲ್ಲೆದೆಯ ಹೆಂಗಸು ಎಂದು ನಾನು ಕೆಲವು ಕಾಲ ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ. ಊದುವಾಗ ಅವಳ ಕಣ್ಣಿನಿಂದ ಇಳಿಯುತ್ತಿದ್ದುದು ಹೊಗೆಯ ನೀರಲ್ಲ ಅನ್ನುವುದು ನನಗೆ ಹೊಳೆಯಲು ತಡವಾಯಿತು. ಅಲ್ಲಿಂದ ಮುಂದೆ ಉಪ್ಪು, ಎತ್ತು, ಮಳೆ ಅಂತ ಅವಳು ಗಂಡನ ಜೊತೆ ಮಾತಾಡುತ್ತಿದ್ದಳು. ಮಗನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಎಂಬತ್ತರ ದಶಕದ ನಡುವೆ ಮಾವ ಹಾಸಿಗೆ ಹಿಡಿದ. ಒಂದು ದಿನ ನನ್ನ ಕೈ ಹಿಡಿದುಕೊಂಡು, “ನಾನು ಹೋದ್ರೆ ಅವನ್ ಮಗ್ಗುಲ್ಗೆ ಮಾತ್ರ ಹೂಳ್ಬ್ಯಾಡ್ರಲಾ. ನನ್ ಕಂಡು ಮಗ ಬೆಚ್ ಬೀಳ್ತಾನೆ” ಅಂದ. ನಾನು ಹೂಂ ಅಂದೆ.

ಅವನು ತೀರಿಕೊಂಡಾಗ ಹೊಲದ ಇನ್ನೊಂದು ತುದಿಯಲ್ಲಿ ಗುಂಡಿ ತೋಡಲು ಹೇಳಿದೆ. ಅತ್ತೆ ಎದ್ದು ಬಂದು ಮಗನ ಸಮಾಧಿಯ ಪಕ್ಕ ನಿಂತಳು. “ಅಲ್ಲಲ್ಲ, ಇಲ್ಲಿ ತೋಡ್ರಿ.” ಮಾವ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು.

“ಅಪ್ಪನ್ ಕಂಡು ಮಗ ಯಾಕ್ಲಾ ಬೆಚ್ಚಾನು? ಅವನ್ಗೆ ಗೊತ್ತಿಲ್ವಾ, ಅಪ್ಪ ಬೇಕೂಂತ ಹೊಡೀಲಿಲ್ಲಾಂತ?”

ಈಗ ಅತ್ತೆಯೂ ಇಲ್ಲ. ಅವಳನ್ನೂ ಆ ಇಬ್ಬರ ಪಕ್ಕದಲ್ಲೇ ಮಲಗಿಸಿದ್ದಾಯಿತು. ಅಮಾವಾಸ್ಯೆಗೋ ಹಬ್ಬಕ್ಕೋ ಹೋಗಿ ಮೂರು ಕಡೆಗೂ ನೀರು ಹಾಕಿ ಬರುತ್ತೇನೆ. ಮಾವನ ತಲೆಯ ಹತ್ತಿರ ಬಂದಾಗ ಮಾತ್ರ ಒಂದಿಷ್ಟು ಹೊತ್ತು ಕೂರುತ್ತೇನೆ. ಅತ್ತೆ ಅವತ್ತು ಅಂದದ್ದನ್ನು ಅವನಿಗೆ ಹೇಳುತ್ತೇನೆ, ಹುಚ್ಚನ ಹಾಗೆ, ಗಟ್ಟಿಯಾಗಿಯೇ. ಬದುಕಿದ್ದಾಗ ಅವನು ಕಾದದ್ದು ಅದೊಂದೇ ಮಾತಿಗೆ.