ಹುಣಸೆಹುಳಿಗೆ ಬಗ್ಗದ ಮೀನು

ದೆವ್ವ, ಪೀಡೆ, ಸತ್ತವರು ಬಂದು ಮಾತಾಡಿಸಿದ್ದು, ಇಂಥ ಸುದ್ದಿ ಬಂದಾಗ ಮೊದಲು ನಗುತ್ತಿದ್ದವನು ನಾನು. ದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಯಾರಿಗೋ ಗಾಳಿ ಮೆಟ್ಟಿದೆ ಎಂದು ಅಮ್ಮ ಹೇಳಿದರೆ "ಗಾಳಿ ಅಲ್ಲಮ್ಮ, ಗ್ಯಾಸ್ಟ್ರಿಕ್ಕು" ಎಂದು ರೇಗಿಸುತ್ತಿದ್ದೆ. ಈಗಲೂ ದೆವ್ವವನ್ನು ನಂಬು ಎಂದರೆ ನನ್ನಿಂದಾಗದು. ಆದರೆ ರೇಗಿಸುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ನನ್ನ ತಮ್ಮ ಗಿರೀಶ ಏರ್‌ಪೋರ್ಟ್‌ನಲ್ಲಿ ಕ್ಯಾಬ್ ಓಡಿಸುತ್ತಾನೆ. ಅವನ ಜೀವದ ಗೆಳೆಯ ನಲ್ಲೂರಿನ ಮುನಿರಾಜು, ಅವನದೂ ಅದೇ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೊಸಕೋಟೆ ಕಡೆಯಿಂದ ವಾಪಸು ಬರುವಾಗ, ರಸ್ತೆ ಬದಿಯಲ್ಲಿ ಸಮುದ್ರದ ಮೀನಿನ ಲಾರಿಯೊಂದು ನಿಂತಿತ್ತಂತೆ. ಲಾರಿಯವನು ಐಸಿನ ಪೆಟ್ಟಿಗೆಯಿಂದ ಬೇಡದ ಮೀನನ್ನು ಆರಿಸಿ ಆಚೆಗೆ ಎಸೆಯುತ್ತಿದ್ದ. ಅದರಲ್ಲಿ ಎರಡು ಮೀನು ವಿಚಿತ್ರವಾಗಿದ್ದವು. ಚೆಂಡಿನಂಥ ಹೊಟ್ಟೆ, ಮೈಮೇಲೆ ಸಣ್ಣ ಮುಳ್ಳು, ಮೊಲಕ್ಕಿರುವಂಥ ಮುಂದಿನ ಹಲ್ಲು. ಮಕ್ಕಳ ಕಾರ್ಟೂನಿನಲ್ಲಿ ಸಿಟ್ಟು ಬಂದಾಗ ಬಲೂನಿನ ಹಾಗೆ ಉಬ್ಬುತ್ತದಲ್ಲ, ಅದೇ ಪಫರ್ ಮೀನು.

ಅದು ವಿಷ ಎಂದು ಲಾರಿಯವನು ಹೇಳಿದ. ಮುನಿರಾಜುವಿಗೆ ಅದು ಮೊದಲೇ ಗೊತ್ತಿತ್ತು, ಕಷ್ಟ ಬಂದದ್ದೇ ಅಲ್ಲಿ. ಅವನು ಕರೆದುಕೊಂಡು ಓಡಾಡಿದ ಜಪಾನಿನ ಅತಿಥಿಯೊಬ್ಬರು ಇದೇ ಮೀನನ್ನು ಅಡಿಗೆಯವನೊಬ್ಬ ಹಾಳೆಯಷ್ಟು ತೆಳ್ಳಗೆ ಹೆಚ್ಚಿ ತಟ್ಟೆಯಲ್ಲಿ ಹೂವಿನ ಹಾಗೆ ಜೋಡಿಸುವ ವಿಡಿಯೊ ತೋರಿಸಿದ್ದರಂತೆ. ಅಲ್ಲಿ ದೊಡ್ಡ ಶ್ರೀಮಂತರು ಮಾತ್ರ ಪ್ರಾಣಭಯ ಇಟ್ಟುಕೊಂಡೇ ತಿನ್ನುವ ಊಟ. ಅಂಥದ್ದು ರಸ್ತೆಯಲ್ಲಿ ಬಿಟ್ಟಿ ಬಿದ್ದಿದೆ ಎಂದರೆ ಮುನಿರಾಜು ಬಿಡುವ ಆಸಾಮಿಯೇ ಅಲ್ಲ.

"ಜಪಾನ್ನೋರು ಲೈಸೆನ್ಸ್ ಇಟ್ಕೊಂಡು ಕುಯ್ತಾರಂತೆ ಗುರು. ನಮ್ಗ್ಯಾಕೆ ಲೈಸೆನ್ಸು? ನಮ್ಮತ್ರ ಹುಣಸೆಹಣ್ಣೈತೆ" ಎಂದನಂತೆ.

ಈ ಮಾತು ಹೊರಗಿನವರಿಗೆ ಹುಚ್ಚು ಎನ್ನಿಸಬಹುದು. ನಮ್ಮ ಕಡೆ ಕೆಸುವಿನ ಸೊಪ್ಪಿನ ತುರಿಕೆ, ಸುವರ್ಣಗೆಡ್ಡೆಯ ನವೆ ಎಲ್ಲವನ್ನೂ ಹುಣಸೆಹುಳಿಯಲ್ಲಿ ಕುದಿಸಿಯೇ ತೆಗೆಯುವುದು. ನಂಜು ಯಾವುದಾದರೂ ಹುಳಿಗೆ ಬಗ್ಗುತ್ತದೆ ಎನ್ನುವುದು ಎಲ್ಲರ ಮನೆಯ ಅಡಿಗೆಮನೆಯಲ್ಲೂ ಇರುವ ನಂಬಿಕೆ. ಅದರಲ್ಲೂ ನಲ್ಲೂರಿನವರು, ಹುಣಸೆತೋಪಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಈ ಮೀನಿನ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಹುಳಿಗಂತೂ ಜಗ್ಗುವುದೇ ಇಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ.

ಮುನಿರಾಜುವಿನ ತೋಟದ ಪಂಪ್‌ಹೌಸಿನ ಹತ್ತಿರ ಒಲೆ ಹೂಡಿ ಮಧ್ಯಾಹ್ನ ಸಾರು ಮಾಡಿದರು. ಮೀನಿನ ಹೊಟ್ಟೆಯಲ್ಲಿ ತತ್ತಿ ಇತ್ತು. ಕೆರೆಮೀನು ತಿಂದು ಬೆಳೆದ ನಮಗೆ ತತ್ತಿ ಎಂದರೆ ಮೀನಿನಲ್ಲೇ ಒಳ್ಳೆಯ ಭಾಗ, ಅದನ್ನು ಎಸೆಯುವವರನ್ನು ನಾನು ಕಂಡಿಲ್ಲ. ಈ ಮೀನಿನಲ್ಲಿ ವಿಷ ತುಂಬಿರುವುದೇ ತತ್ತಿ ಮತ್ತು ಪಿತ್ತಜನಕಾಂಗದಲ್ಲಿ. ಮುನಿರಾಜು ಅದನ್ನು ಹುರಿದು ಗಿರೀಶನಿಗೆ ಕೊಡದೆ ಅಣಕಿಸುತ್ತಾ ಪೂರ್ತಿ ತಾನೇ ತಿಂದ. ಗಿರೀಶ ತಿಂದದ್ದು ಎರಡು ತುಂಡು ಮೀನು, ಮುದ್ದೆಗೆ ಒಂದಿಷ್ಟು ಸಾರು.

ಸಂಜೆ ಮನೆಗೆ ಬಂದ ಗಿರೀಶ ತುಟಿ ಜೋಮು ಹಿಡಿದಿದೆ, ಸುಸ್ತು ಎಂದು ಹೇಳಿ ಊಟ ಬಿಟ್ಟು ಮಲಗಿದ. ಏನು ತಿಂದೆ ಎಂದು ಅಮ್ಮ ಕೇಳಿದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ. ಅವನು ನಿದ್ದೆಹೋದ ಮೇಲೆ ನಲ್ಲೂರಿನಿಂದ ಫೋನು ಬಂತು. ಮುನಿರಾಜು ಹೋಗಿಬಿಟ್ಟ, ಹಾರ್ಟ್ ಅಟ್ಯಾಕ್, ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು ಎಂದರು. ಗಿರೀಶನಿಗೆ ಬೆಳಿಗ್ಗೆ ಹೇಳೋಣ, ಈಗ ಎಬ್ಬಿಸುವುದು ಬೇಡ ಎಂದಳು ಅಮ್ಮ. ಆ ಸುದ್ದಿಯನ್ನು ನಾವು ಅವನಿಗೆ ಹೇಳಿರಲಿಲ್ಲ. ದಯವಿಟ್ಟು ಇದನ್ನು ಗಮನದಲ್ಲಿಡಿ.

ಬೆಳಿಗ್ಗೆ ಗಿರೀಶ ಏಳಲಿಲ್ಲ. ಅಲುಗಿಸಿದರೆ ಮೈ ಸೋತು ಬಿದ್ದಿತ್ತು. ಉಸಿರು ಕಾಣಲಿಲ್ಲ. ಊರಿನಲ್ಲಿ ಔಷಧ ಕೊಡುವ ವಯಸ್ಸಾದ ಡಾಕ್ಟರು ಬಂದು ನಾಡಿ ಹಿಡಿದು, ಕಣ್ಣಿಗೆ ಟಾರ್ಚು ಬಿಟ್ಟು, ತಲೆ ಅಲ್ಲಾಡಿಸಿದರು. ಅಮ್ಮ ಕೂಗಿದ ಕೂಗು ನನಗೆ ಈಗಲೂ ಕೇಳಿಸುತ್ತದೆ. ಜನ ಸೇರಿದರು. ಜೋಡಿ ಗೆಳೆಯರು ಜೊತೆಯಲ್ಲೇ ಹೊರಟರು ಎಂದು ಯಾರೋ ಅತ್ತರು. ಸ್ನಾನ ಮಾಡಿಸುವುದಕ್ಕೆ ಜಗಲಿಯ ಮೇಲೆ ಮಲಗಿಸಿ ಹಂಡೆಯಲ್ಲಿ ನೀರು ಕಾಯಿಸಲು ಇಟ್ಟರು. ನಾನು ಅವನ ತಲೆಯ ಹತ್ತಿರ ಕೂತಿದ್ದೆ. ಚಿಕ್ಕಂದಿನಲ್ಲಿ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಕೆರೆಗೆ ಹೋಗುತ್ತಿದ್ದವನು ನಾನು. ಅಳುವುದಕ್ಕೂ ಆಗಲಿಲ್ಲ.

ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಅಮ್ಮ ಅವನ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದಳು.

"ಬೆರಳು ಅಲ್ಲಾಡ್ತು ಕಣೋ."

ಹೆತ್ತ ಕರುಳು, ಹಾಗೆ ಅನ್ನಿಸುತ್ತದೆ ಎಂದು ದೊಡ್ಡವರು ಅವಳನ್ನು ಹಿಡಿದು ಎಬ್ಬಿಸಲು ಹೋದರು. ನಾನು ನೋಡುತ್ತಿದ್ದ ಹಾಗೆಯೇ ಎಡಗಾಲಿನ ಹೆಬ್ಬೆರಳು ಇನ್ನೊಂದು ಸಾರಿ ಮಿಸುಕಿತು. ಎದೆಗೆ ಕಿವಿ ಇಟ್ಟೆ. ತುಂಬ ದೂರದಲ್ಲಿ, ತುಂಬ ನಿಧಾನವಾಗಿ ಬಡಿತ ಇತ್ತು. ಅರಿಶಿನದ ಕಾಲಿನಲ್ಲೇ ಅವನನ್ನು ಅವನದೇ ಕ್ಯಾಬಿಗೆ ಹಾಕಿಕೊಂಡು ಯಲಹಂಕದ ದಾರಿ ಹಿಡಿದೆವು.

ಆಸ್ಪತ್ರೆಯವರು ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸಿದರು. ಏನು ತಿಂದಿದ್ದ ಎಂದು ಕೇಳಿದಾಗ, ಹಿಂದಿನ ದಿನ ಇಬ್ಬರೂ ಜೊತೆಗಿದ್ದದ್ದು ನೆನಪಾಗಿ ನಾನು ಮುನಿರಾಜುವಿನ ಅಣ್ಣನಿಗೆ ಫೋನು ಮಾಡಿದೆ. ಅವರು ತೋಟಕ್ಕೆ ಹೋಗಿ ನೋಡಿ, ಒಲೆಯ ಪಕ್ಕದಲ್ಲಿ ಬಿದ್ದಿದ್ದ ಮುಳ್ಳಿನ ಚರ್ಮದ ಫೋಟೊ ಕಳಿಸಿದರು. ಡಾಕ್ಟರಿಗೆ ತಕ್ಷಣ ತಿಳಿಯಿತು. ಈ ವಿಷ ನರಗಳನ್ನು ಕಟ್ಟಿಹಾಕುತ್ತದೆ, ಕೈಕಾಲು, ರೆಪ್ಪೆ, ಕೊನೆಗೆ ಉಸಿರು ಎಲ್ಲ ನಿಲ್ಲುತ್ತದೆ, ಆದರೆ ಒಳಗೆ ಮನುಷ್ಯನಿಗೆ ಎಚ್ಚರ ಇರಬಹುದು ಎಂದರು. ಅಷ್ಟರಲ್ಲಿ ಮುನಿರಾಜುವನ್ನು ಬೆಳಿಗ್ಗೆ ಬೇಗನೇ ಮಣ್ಣು ಮಾಡಿ ಬಹಳ ಹೊತ್ತಾಗಿತ್ತು.

ಹಾಗಾದರೆ ಮುನಿರಾಜು, ಎಂದು ಕೇಳಬಾರದ್ದನ್ನು ಕೇಳಿದೆ. ಅಷ್ಟೊಂದು ತಿಂದವನು ಯಂತ್ರವಿಲ್ಲದೆ ರಾತ್ರಿಯೇ ತೀರಿಕೊಂಡಿರುತ್ತಾನೆ, ನೂರಕ್ಕೆ ತೊಂಬತ್ತೊಂಬತ್ತು ಹಾಗೇ, ಉಳಿದ ಒಂದು ಪಾಲು ಇದ್ದರೂ ಈಗ ಏನೂ ಮಾಡಲಾಗದು ಎಂದರು ಡಾಕ್ಟರು. ಅವನ ಅಣ್ಣನಿಗೆ ಅದನ್ನೇ ಹೇಳಿದೆ. ಅವರು "ಮಣ್ಣು ತೆಗೆದು ನೋಡಿದ್ರೆ ಏನ್ ಕಾಣ್ತದೋ ಏನೋ ಸಾರ್. ಆ ಹುಡುಗಿ ಬದುಕ್ಬೇಕಲ್ಲ. ಬ್ಯಾಡ" ಎಂದರು. ಹುಡುಗಿ ಎಂದರೆ ಮುನಿರಾಜುವಿನ ಹೆಂಡತಿ ಶಶಿ.

ಮೂರನೇ ದಿನ ಹಾಲುತುಪ್ಪ ಬಿಡುವುದಕ್ಕೆ ನಲ್ಲೂರಿಗೆ ಹೋದೆ. ಗಿರೀಶನ ಗಂಟಲಲ್ಲಿ ಆಗ ಇನ್ನೂ ಕೊಳವೆ ಇತ್ತು. ಶಶಿ ನನ್ನನ್ನು ಮನೆಯ ಹಿಂದೆ ಕರೆದಳು. ಅವಳ ಕಣ್ಣಲ್ಲಿ ನೀರು ಇರಲಿಲ್ಲ.

"ಗಿರೀಶಣ್ಣನೂ ಹಂಗೇ ಮಲಗಿದ್ರಂತಲ್ಲ ಅಣ್ಣ, ಸತ್ತೋರ ಥರಾನೇ?"

ಹೌದು ಎಂದೆ.

"ಚಟ್ಟ ಎತ್ತೋ ಮುಂಚೆ ನಾನು ಅವರ ಬಾಯಿಗೆ ಅಕ್ಕಿ ಹಾಕ್ದೆ. ಆಗ ಹಲ್ಲು ನನ್ ಬೆರಳನ್ನ ಒಂದ್ಸಾರಿ ಹಿಡ್ಕೊಂಡಂಗಾಯ್ತು. ಯಾರಿಗೂ ಹೇಳಿಲ್ಲ. ನೀವು ಓದ್ದೋರು, ಅದೇನಣ್ಣ?"

ಸತ್ತವರ ದವಡೆ ಬಿಗಿಯುತ್ತದೆ, ಅದು ದೇಹದ ಧರ್ಮ, ಎಲ್ಲರಿಗೂ ಹಾಗೇ ಆಗುತ್ತದೆ ಎಂದು ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಹೇಳಿದೆ. ಹೇಳಿದ್ದು ಸುಳ್ಳೂ ಅಲ್ಲ. ಅವಳು ತಲೆಯಾಡಿಸಿ ಒಳಗೆ ಹೋದಳು.

ಅವತ್ತು ಸಂಜೆ ಗಿರೀಶನ ಕೊಳವೆ ತೆಗೆದರು. ನೀರು ಕುಡಿಸಿದೆ. ಗೊಗ್ಗರು ದನಿಯಲ್ಲಿ ಅವನು ಮೊದಲು ಕೇಳಿದ್ದು, "ಮುನಿರಾಜ ಮನೆಗೋದ್ನಾ?"

ಯಾಕೋ ಎಂದೆ.

"ಜಗಲಿ ಮೇಲೆ ನನ್ ಪಕ್ಕದಲ್ಲೇ ಮಲಗಿದ್ನಲ್ಲ. ಒಂದೇ ಸಮ ಬೈತಿದ್ದ, ಅಲ್ಲಾಡ್ಲಾ, ಅಲ್ಲಾಡ್ಲಾ ಅಂತ. ನಂಗಾಗ್ತಿರ್ಲಿಲ್ಲ. ಕೊನೇಗೆ ಅಳೋಕೆ ಶುರು ಮಾಡ್ದ. 'ನಾನು ಶಶಿ ಬೆರಳು ಕಚ್ಚಿದೆ ಕಣ್ಲಾ, ಅವಳಿಗೆ ಗೊತ್ತಾಗ್ಲಿಲ್ಲ, ನೀನಾದ್ರೂ ಕಾಲು ಅಲ್ಲಾಡ್ಸು' ಅಂದ." ಸ್ವಲ್ಪ ಸುಧಾರಿಸಿಕೊಂಡು ನನ್ನ ಮುಖ ನೋಡಿದ. "ಶಶಿ ಬೆರಳು ಅವನ ಬಾಯಿಗೆ ಯಾಕೋಯ್ತಣ್ಣ?"

ನರ್ಸನ್ನು ಕರೆಯುತ್ತೇನೆ ಎಂದು ನೆವ ಹೇಳಿ ಲೋಟ ಕೆಳಗಿಟ್ಟು ಹೊರಗೆ ಬಂದೆ.

ಆಮೇಲೆ ಈ ಮೀನಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸತ್ತವರನ್ನು ಎಬ್ಬಿಸಿ ದುಡಿಸುತ್ತಾರೆ ಎಂಬ ದೂರದ ದ್ವೀಪದ ಕತೆಗಳಲ್ಲೂ ಈ ವಿಷದ ಪುಡಿ ಇದೆ. ಇದನ್ನು ತಿಂದು ಸತ್ತವರನ್ನು ಜಪಾನಿನಲ್ಲಿ ಹಿಂದೆ ಕೆಲವು ಕಡೆ ಒಂದೆರಡು ದಿನ ಹಾಗೇ ಇಟ್ಟು ಕಾಯುತ್ತಿದ್ದರು ಎಂದೂ ಹೇಳುತ್ತಾರೆ, ಎಷ್ಟು ನಿಜವೋ. ಮುನಿರಾಜು ಸತ್ತ ಸುದ್ದಿಯನ್ನು ಜಗಲಿಯಲ್ಲಿ ಜನ ಆಡಿದ್ದನ್ನು ಗಿರೀಶ ಕೇಳಿಸಿಕೊಂಡಿರಬಹುದು. ಉಸಿರು ಸಾಲದ ಮೆದುಳು ಕನಸು ಕಟ್ಟುತ್ತದೆ, ಅದನ್ನು ನಾನೇ ಪಾಠ ಮಾಡುತ್ತೇನೆ. ಆದರೆ ಬೆರಳು? ಶಶಿ ಅದನ್ನು ನನ್ನೊಬ್ಬನಿಗೇ ಹೇಳಿದ್ದಳು, ನಾನು ಅದನ್ನು ಬಾಯಿ ಬಿಟ್ಟು ಎಲ್ಲೂ ಆಡಿರಲಿಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಈ ಒಂದು ಕಡೆ ಬಂದು ನಿಲ್ಲುತ್ತೇನೆ. ಡಾಕ್ಟರು ಹೇಳಿದ ಆ ಒಂದು ಪಾಲು ನನ್ನ ನಿದ್ದೆ ಕೆಡಿಸುತ್ತದೆ.

ಗಿರೀಶ ಮತ್ತೆ ಕ್ಯಾಬ್ ಓಡಿಸುತ್ತಿದ್ದಾನೆ. ಮುನಿರಾಜು ತೀರಿಕೊಂಡದ್ದನ್ನು ತಿಳಿಸಿದ ಮೇಲೆ ಅಕ್ಕಿ ಹಾಕುವ ವಿಷಯ ತಾನಾಗಿಯೇ ಹೊಳೆಯಿತೋ ಏನೋ, ಬೆರಳಿನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ನಲ್ಲೂರಿನ ದಾರಿಯನ್ನಂತೂ ತುಳಿಯುವುದಿಲ್ಲ, ಬಾಡಿಗೆ ಬಂದರೂ ಬೇರೆಯವರಿಗೆ ಬಿಟ್ಟುಕೊಡುತ್ತಾನೆ.

ಶಶಿ ಈಗ ಏರ್‌ಪೋರ್ಟ್ ಹತ್ತಿರದ ಒಂದು ಹೋಟೆಲಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆಗಾಗ ಸಿಗುತ್ತಾಳೆ. ಮಗಳ ಶಾಲೆ, ಅತ್ತೆಯ ಮಂಡಿನೋವು ಎಲ್ಲ ಹೇಳಿ, ಬಸ್ಸು ಬಂದಾಗ ಹತ್ತುವ ಮುಂಚೆ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾಳೆ.

"ಕೊನೇಲಿ ಜೊತೇಲಿದ್ದೋರು ಗಿರೀಶಣ್ಣ ಒಬ್ರೇ ಅಲ್ವಾ. ನಮ್ಮೋರು ನನ್ ಬಗ್ಗೆ ಏನಾದ್ರೂ ಅಂದ್ರಾ ಅಂತ ಒಂದ್ಸಾರಿ ಕೇಳಣ್ಣ."

"ಕೇಳ್ತೀನಿ ಕಣಮ್ಮ" ಎನ್ನುತ್ತೇನೆ.